ಟ್ಯುಟೋರಿಯಲ್ ಹಾಜರಾತಿ: ಹೊಣೆ ವಿದ್ಯಾರ್ಥಿಯದು ಮಾತ್ರವೇ?

ಬೆಂಗಳೂರು: ಸೆಮಿಸ್ಟರ್ ಮುಗಿಯುವ ಹೊತ್ತಿಗೆ ರಾಜ್ಯದ ಕಾಲೇಜುಗಳ ಸೂಚನಾ ಫಲಕಗಳಲ್ಲಿ ಹಾಜರಾತಿ ಕೊರತೆ ಇರುವ ವಿದ್ಯಾರ್ಥಿಗಳ ಪಟ್ಟಿ ಕಾಣಿಸಿಕೊಳ್ಳುವುದು ವಾಡಿಕೆ. ಪಟ್ಟಿಯಲ್ಲಿ ಹೆಸರಿರುವವರು ವೈದ್ಯಕೀಯ ಪ್ರಮಾಣಪತ್ರ ಹಿಡಿದು, ಪೋಷಕರನ್ನು ಕರೆದುಕೊಂಡು ಪ್ರಾಂಶುಪಾಲರ ಕೊಠಡಿಯ ಮುಂದೆ ನಿಲ್ಲುತ್ತಾರೆ. ಕೆಲವರಿಗೆ ವಿನಾಯಿತಿ ಸಿಗುತ್ತದೆ. ಉಳಿದವರಿಗೆ ಪರೀಕ್ಷೆಯ ಪ್ರವೇಶಪತ್ರ ಸಿಗುವುದಿಲ್ಲ. ಒಂದು ಸೆಮಿಸ್ಟರ್, ಕೆಲವೊಮ್ಮೆ ಒಂದು ವರ್ಷವೇ ಕೈತಪ್ಪುತ್ತದೆ.

ಈ ಲೆಕ್ಕದಲ್ಲಿ ಉಪನ್ಯಾಸ, ಪ್ರಯೋಗಾಲಯ, ಟ್ಯುಟೋರಿಯಲ್ ಎಲ್ಲವೂ ಸೇರುತ್ತವೆ. ಪ್ರಯೋಗಾಲಯ ತಪ್ಪಿಸಿದರೆ ರೆಕಾರ್ಡ್ ಪುಸ್ತಕ ಅಪೂರ್ಣವಾಗುತ್ತದೆ. ಉಪನ್ಯಾಸ ತಪ್ಪಿಸಿದರೆ ಟಿಪ್ಪಣಿ ಸಿಗುವುದಿಲ್ಲ. ಟ್ಯುಟೋರಿಯಲ್ ತಪ್ಪಿಸಿದರೆ ನಷ್ಟವೇನು ಎಂಬ ಪ್ರಶ್ನೆಗೆ ಮಾತ್ರ ಬಹಳಷ್ಟು ವಿದ್ಯಾರ್ಥಿಗಳಲ್ಲಿ ಉತ್ತರವಿಲ್ಲ. ಕೆಲವು ಅಧ್ಯಾಪಕರಲ್ಲೂ ಇಲ್ಲ. ಟ್ಯುಟೋರಿಯಲ್‌ಗೆ ಹಾಜರಾಗಲೇಬೇಕೆ ಎಂಬ ಚರ್ಚೆ ಆರಂಭವಾಗಬೇಕಿರುವುದು ಇಲ್ಲಿಂದಲೇ.

ನಿಯಮ ಹೇಳುವುದೇನು?

ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ನಿಯಮಾವಳಿಗಳು ಸಾಮಾನ್ಯವಾಗಿ ಶೇ 75ರಷ್ಟು ಹಾಜರಾತಿ ಕೇಳುತ್ತವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮ ಇನ್ನೂ ಬಿಗಿ. ಅಲ್ಲಿ ಶೇ 85 ಹಾಜರಾತಿ ಇರಬೇಕು. ಸಕಾರಣವಿದ್ದರೆ ಶೇ 10ರವರೆಗೆ ವಿನಾಯಿತಿ ನೀಡಬಹುದು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ 12ನೇ ನಿಯಮ ಶೇ 70 ಎಂದು ನಿಗದಿಪಡಿಸಿತು. ತರಗತಿಯ ಜೊತೆಗೆ ಅಣಕು ನ್ಯಾಯಾಲಯ, ಟ್ಯುಟೋರಿಯಲ್ ಮತ್ತು ಪ್ರಾಯೋಗಿಕ ತರಬೇತಿಯನ್ನು ಆ ನಿಯಮ ಹೆಸರಿಸಿಯೇ ಸೇರಿಸಿತ್ತು.

ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ ಬಂದ ಮೇಲೆ ಟ್ಯುಟೋರಿಯಲ್‌ಗೆ ಕಾಗದದ ಮೇಲೆ ಗೌರವ ಹೆಚ್ಚಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾರ್ಗಸೂಚಿಯ ಪ್ರಕಾರ ವಾರಕ್ಕೆ ಒಂದು ಗಂಟೆಯ ಉಪನ್ಯಾಸ ಅಥವಾ ಒಂದು ಗಂಟೆಯ ಟ್ಯುಟೋರಿಯಲ್ ಒಂದು ಕ್ರೆಡಿಟ್‌ಗೆ ಸಮ. ಪ್ರಾಯೋಗಿಕ ತರಗತಿಯಾದರೆ ಎರಡು ಗಂಟೆ ಬೇಕು. ಪಠ್ಯಕ್ರಮ ಪುಸ್ತಕಗಳಲ್ಲಿ ಉಪನ್ಯಾಸ, ಟ್ಯುಟೋರಿಯಲ್, ಪ್ರಾಯೋಗಿಕ ಎಂಬ ಮೂರು ಅಂಕಣಗಳು ಕಾಣುವುದು ಈ ಕಾರಣಕ್ಕೆ. ಅಂದರೆ ಟ್ಯುಟೋರಿಯಲ್ ಎಂಬುದು ಉಪನ್ಯಾಸದ ಬಾಲಂಗೋಚಿಯಾಗಿ ಉಳಿದಿಲ್ಲ. ಪದವಿಯ ಕ್ರೆಡಿಟ್‌ಗಳಲ್ಲಿ ಅದಕ್ಕೂ ಪಾಲಿದೆ.

ಮರೆತುಹೋದ ಆರು ಮಂದಿಯ ಗುಂಪು

ಕರ್ನಾಟಕದಲ್ಲಿ ಟ್ಯುಟೋರಿಯಲ್ ಎಂಬ ಪದಕ್ಕೆ ಬೇರೆಯದೇ ಅರ್ಥ ಬೇರೂರಿದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಅನುತ್ತೀರ್ಣರಾದವರು ಸೇರುವ ಖಾಸಗಿ ಸಂಸ್ಥೆಗೆ ಜನ ಟ್ಯುಟೋರಿಯಲ್ ಎನ್ನುತ್ತಾರೆ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ, ಮುಖ್ಯ ಪ್ರಶ್ನೆಗಳನ್ನು ಉರು ಹೊಡೆಸಿ ಪಾಸು ಮಾಡಿಸುವುದು ಅದರ ಕೆಲಸ. ಕಾಲೇಜಿನ ವೇಳಾಪಟ್ಟಿಯ ಟ್ಯುಟೋರಿಯಲ್ ಅವಧಿಯೂ ಹಲವೆಡೆ ಅದೇ ರೂಪ ತಾಳಿದೆ. ಅರವತ್ತು ವಿದ್ಯಾರ್ಥಿಗಳು ಅದೇ ಕೊಠಡಿಯಲ್ಲಿ, ಅದೇ ಬೆಂಚುಗಳಲ್ಲಿ ಕುಳಿತಿರುತ್ತಾರೆ. ಅಧ್ಯಾಪಕರು ಕರಿಹಲಗೆಯ ಮೇಲೆ ಎರಡು ಲೆಕ್ಕ ಬಿಡಿಸುತ್ತಾರೆ, ಇಲ್ಲವೇ ಉಳಿದ ಪಾಠ ಮುಗಿಸುತ್ತಾರೆ.

ಮೂಲ ಕಲ್ಪನೆ ಹೀಗಿರಲಿಲ್ಲ. ಆಕ್ಸ್‌ಫರ್ಡ್ ಪದ್ಧತಿಯಲ್ಲಿ ಒಬ್ಬರಿಂದ ಮೂವರು ವಿದ್ಯಾರ್ಥಿಗಳು ತಾವು ಬರೆದು ತಂದ ಪ್ರಬಂಧವನ್ನು ಅಧ್ಯಾಪಕರ ಮುಂದಿಟ್ಟು ಸಮರ್ಥಿಸಿಕೊಳ್ಳಬೇಕು. ಭಾರತಕ್ಕೆ ಬಂದದ್ದು ಆ ಮಾದರಿಯಲ್ಲ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯವನ್ನು ಅನುಸರಿಸಿ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದವು. ಕಲಿಸುವ ಕೆಲಸ ಕಾಲೇಜುಗಳಿಗೆ, ಪರೀಕ್ಷೆ ವಿಶ್ವವಿದ್ಯಾಲಯಕ್ಕೆ ಎಂಬ ವಿಭಜನೆಯ ನೆರಳು ಇಂದಿಗೂ ಸರಿದಿಲ್ಲ.

ಈ ಕೊರತೆಯನ್ನು ಸ್ವತಂತ್ರ ಭಾರತದ ಮೊದಲ ಶಿಕ್ಷಣ ಆಯೋಗವೇ ಗುರುತಿಸಿತ್ತು. 1948-49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಅಧ್ಯಕ್ಷರಾಗಿದ್ದವರು ಡಾ. ಎಸ್. ರಾಧಾಕೃಷ್ಣನ್. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಬೋಧಿಸಿದ್ದವರು ಅವರು. ಟ್ಯುಟೋರಿಯಲ್ ಗುಂಪಿನಲ್ಲಿ ಆರಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಇರಕೂಡದು, ಪಾಸ್ ಮತ್ತು ಆನರ್ಸ್ ಎಂಬ ಭೇದವಿಲ್ಲದೆ ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಅದು ದೊರೆಯಬೇಕು, ಅದು ಪರೀಕ್ಷೆಯ ತರಬೇತಿಯಾಗಿ ಇಳಿಯಬಾರದು ಎಂದು ಆಯೋಗ ಶಿಫಾರಸು ಮಾಡಿತ್ತು. ಅಧ್ಯಾಪಕರ ಸಂಖ್ಯೆ ಮತ್ತು ಗುಣಮಟ್ಟ ಹೆಚ್ಚದೆ ಇದು ಯಶಸ್ವಿಯಾಗದು ಎಂಬ ಎಚ್ಚರಿಕೆಯನ್ನೂ ನೀಡಿತ್ತು. ಪದವಿ ತರಗತಿಗಳ ಹಾಜರಾತಿ ಕಡ್ಡಾಯವಾಗಿಯೇ ಮುಂದುವರಿಯಿತು. ಆರು ಮಂದಿಯ ಗುಂಪು ಮಾತ್ರ ವರದಿಯಲ್ಲೇ ಉಳಿಯಿತು.

ಹಾಜರಾದರೆ ಲಾಭವಿದೆಯೇ?

ಇದೆ ಎನ್ನುತ್ತವೆ ಅಧ್ಯಯನಗಳು. ಅಮೆರಿಕದ ಸಂಶೋಧಕರು ಹಲವಾರು ಅಧ್ಯಯನಗಳನ್ನು ಕ್ರೋಡೀಕರಿಸಿ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಕಾಲೇಜಿನ ಅಂಕಗಳನ್ನು ಊಹಿಸಲು ಪ್ರವೇಶ ಪರೀಕ್ಷೆಯ ಅಂಕಗಳಿಗಿಂತ ತರಗತಿ ಹಾಜರಾತಿಯೇ ಉತ್ತಮ ಸೂಚಕ ಎಂಬುದು ಕಂಡುಬಂತು. ಆದರೆ ಅದೇ ವಿಶ್ಲೇಷಣೆ, ಹಾಜರಾತಿಯನ್ನು ಕಡ್ಡಾಯಗೊಳಿಸಿದಾಗ ಸರಾಸರಿ ಅಂಕಗಳಲ್ಲಿ ಆಗುವ ಏರಿಕೆ ಅಲ್ಪ ಎಂದೂ ತಿಳಿಸಿತು. ತಾನಾಗಿ ಬರುವ ವಿದ್ಯಾರ್ಥಿಗೂ ದಂಡದ ಭಯದಿಂದ ಬರುವ ವಿದ್ಯಾರ್ಥಿಗೂ ವ್ಯತ್ಯಾಸವಿದೆ ಎಂಬುದು ಇದರಿಂದ ಸ್ಪಷ್ಟ.

ಕಡ್ಡಾಯದಿಂದ ಪ್ರಯೋಜನವೇ ಇಲ್ಲವೆಂದು ತೀರ್ಮಾನಿಸುವಂತೆಯೂ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ತರಗತಿಗಳಲ್ಲಿ ನಡೆದ ಪ್ರಯೋಗವೊಂದರಲ್ಲಿ ಮಧ್ಯಾವಧಿ ಪರೀಕ್ಷೆಯಲ್ಲಿ ಹಿಂದುಳಿದವರಿಗೆ ಮಾತ್ರ ಹಾಜರಾತಿ ಕಡ್ಡಾಯ ಮಾಡಲಾಯಿತು. ಅಂತಿಮ ಪರೀಕ್ಷೆಯಲ್ಲಿ ಅವರ ಅಂಕಗಳು ಸುಧಾರಿಸಿದವು. ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿದ್ಯಾರ್ಥಿಗಳ ಸಣ್ಣ ಗುಂಪಿನ ತರಗತಿಗಳನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನ, ಗೈರುಹಾಜರಿಯಿಂದ ಮುಂದಿನ ಸಾಲಿನ ವಿದ್ಯಾರ್ಥಿಗಳೂ ಅಂಕ ಕಳೆದುಕೊಳ್ಳುತ್ತಾರೆ ಎಂದು ತೋರಿಸಿತು.

ರಾಜ್ಯದ ಮಟ್ಟಿಗೆ ಈ ಮಾತಿಗೆ ಇನ್ನೊಂದು ತೂಕವಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್‌ನಲ್ಲಿ ಬೋಧಿಸುವ ಪದವಿ ತರಗತಿಗೆ ಬರುವ ವಿದ್ಯಾರ್ಥಿ ತುಂಬಿದ ಕೊಠಡಿಯಲ್ಲಿ ಎದ್ದು ನಿಂತು ಸಂದೇಹ ಕೇಳುವುದು ಅಪರೂಪ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಯಾರೂ ಇಲ್ಲದಿದ್ದರೆ ಕೇಳಲು ಬೇರೆ ದಿಕ್ಕೂ ಇಲ್ಲ. ಅನುಕೂಲಸ್ಥರು ಹಣ ತೆತ್ತು ಟ್ಯೂಷನ್‌ಗೆ ಹೋಗುತ್ತಾರೆ. ಉಳಿದವರಿಗೆ ಕೈಗೆಟಕುವ ಟ್ಯೂಷನ್ ಎಂದರೆ ಕಾಲೇಜಿನ ಟ್ಯುಟೋರಿಯಲ್ ಒಂದೇ. ಅದನ್ನು ತಪ್ಪಿಸಿಕೊಂಡಾಗ ಹೆಚ್ಚು ಕಳೆದುಕೊಳ್ಳುವವರೂ ಅವರೇ.

ಗಂಟೆಗಳ ಲೆಕ್ಕ

ಹಾಗಿದ್ದರೆ ನಿಜವಾದ ಟ್ಯುಟೋರಿಯಲ್ ನಡೆಸಲು ಏನು ಬೇಕು? ಅರವತ್ತು ಮಂದಿಯ ತರಗತಿಯನ್ನು ಆರರಂತೆ ವಿಂಗಡಿಸಿದರೆ ಹತ್ತು ಗುಂಪುಗಳಾಗುತ್ತವೆ. ಗುಂಪಿಗೆ ವಾರಕ್ಕೆ ಒಂದು ಗಂಟೆ ಎಂದರೂ ಒಂದೇ ಪತ್ರಿಕೆಗೆ ಹತ್ತು ಗಂಟೆ ಬೇಕು. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕರ ನೇರ ಬೋಧನಾ ಅವಧಿ ವಾರಕ್ಕೆ 16 ಗಂಟೆ. ಒಂದು ತರಗತಿಯ ಒಂದು ಪತ್ರಿಕೆಯ ಟ್ಯುಟೋರಿಯಲ್ಲೇ ಅದರ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಗುಂಪನ್ನು ಹದಿನೈದಕ್ಕೆ ಹಿಗ್ಗಿಸಿದರೆ ನಾಲ್ಕು ಗಂಟೆ ಸಾಕು. ಅದಕ್ಕೂ ಕೊಠಡಿ ಮತ್ತು ಅಧ್ಯಾಪಕರು ಬೇಕು.

ಅಧ್ಯಾಪಕರ ಪರಿಸ್ಥಿತಿ ಗುಟ್ಟೇನಲ್ಲ. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಮೇಲೆ ಅವಲಂಬಿತವಾಗಿವೆ. ಗೌರವಧನದ ಮೇಲೆ ದುಡಿಯುವ ಇವರು ಸೇವಾ ಭದ್ರತೆಗಾಗಿ 2023ರ ಕೊನೆಯಲ್ಲಿ ವಾರಗಟ್ಟಲೆ ಮುಷ್ಕರ ನಡೆಸಿದಾಗ ಅನೇಕ ಕಾಲೇಜುಗಳಲ್ಲಿ ಪಾಠವೇ ನಿಂತಿತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಪದವಿಗೆ ಹೊರಳಿ, 2024ರಲ್ಲಿ ಮೂರು ವರ್ಷಕ್ಕೆ ಮರಳಿದ ರಾಜ್ಯದಲ್ಲಿ ಪಠ್ಯಕ್ರಮಗಳು ಎರಡು ಬಾರಿ ಬದಲಾದವು. ತರಗತಿಯ ಗಾತ್ರದ ಪ್ರಶ್ನೆ ಆ ಚರ್ಚೆಗಳ ಅಂಚಿನಲ್ಲೇ ಉಳಿಯಿತು.

ನ್ಯಾಯಾಲಯ ಎತ್ತಿದ ಪ್ರಶ್ನೆ

ಹಾಜರಾತಿ ನಿಯಮದ ಕಠೋರ ಮುಖ ದೆಹಲಿಯ ಪ್ರಕರಣವೊಂದರಲ್ಲಿ ಕಂಡಿತ್ತು. ಹಾಜರಾತಿ ಕೊರತೆಯ ಕಾರಣ ಪರೀಕ್ಷೆಗೆ ಅವಕಾಶ ಸಿಗದ ಕಾನೂನು ವಿದ್ಯಾರ್ಥಿಯೊಬ್ಬರು 2016ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಈ ಪ್ರಕರಣ ಬಳಿಕ ದೆಹಲಿ ಹೈಕೋರ್ಟ್‌ಗೆ ವರ್ಗಾವಣೆಯಾಯಿತು. 2025ರ ನವೆಂಬರ್ 3ರಂದು ಹೈಕೋರ್ಟ್‌ನ ವಿಭಾಗೀಯ ಪೀಠ, ಹಾಜರಾತಿ ಕೊರತೆಯ ಕಾರಣಕ್ಕೆ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ತಡೆಹಿಡಿಯುವಂತಿಲ್ಲ ಎಂದು ಆದೇಶಿಸಿತು. ಹಾಜರಾತಿಯ ವಿವರವನ್ನು ಪ್ರತಿ ವಾರ ಪ್ರಕಟಿಸಬೇಕು, ಕೊರತೆಯಿದ್ದರೆ ಪೋಷಕರಿಗೆ ತಿಳಿಸಬೇಕು, ಹೆಚ್ಚುವರಿ ತರಗತಿ ನಡೆಸಬೇಕು ಎಂದಿತು. ಆ ಬಳಿಕವೂ ಕೊರತೆ ಉಳಿದರೆ ಗರಿಷ್ಠ ಶೇ 5ರಷ್ಟು ಅಂಕ ಕಡಿತಗೊಳಿಸಬಹುದೇ ಹೊರತು ಪರೀಕ್ಷೆಯ ಬಾಗಿಲು ಮುಚ್ಚಬಾರದು ಎಂಬುದು ಪೀಠದ ನಿಲುವಾಗಿತ್ತು.

ಆದೇಶ ಕಾನೂನು ಶಿಕ್ಷಣಕ್ಕೆ ಸಂಬಂಧಿಸಿದ್ದು. ಆದರೆ ಅದು ಎತ್ತಿದ ಪ್ರಶ್ನೆ ಎಲ್ಲ ಕಾಲೇಜುಗಳಿಗೂ ಅನ್ವಯಿಸುತ್ತದೆ. ಬಾರದ ವಿದ್ಯಾರ್ಥಿಯನ್ನು ಹುಡುಕಿ ಕರೆತರುವ ಕೆಲಸ ಮಾಡದ ಸಂಸ್ಥೆ, ಸೆಮಿಸ್ಟರ್‌ನ ಕೊನೆಯ ವಾರದಲ್ಲಿ ಪಟ್ಟಿ ಅಂಟಿಸಿ ಕೈತೊಳೆದುಕೊಳ್ಳಬಹುದೇ?

ಕಡ್ಡಾಯ ಸಡಿಲಿಸಿದರೆ ತರಗತಿಗಳು ಖಾಲಿಯಾಗುತ್ತವೆ ಎಂಬ ಅಧ್ಯಾಪಕರ ಆತಂಕ ನಿರಾಧಾರವಲ್ಲ. ದೂರದ ಊರಿನಿಂದ ಬಸ್ಸಿಗೆ ಕಾದು ಬರುವವರು, ಸಂಜೆ ದುಡಿದು ಶುಲ್ಕ ಕಟ್ಟುವವರು ದಿನದ ಕೊನೆಯ ಅವಧಿಯಲ್ಲಿಡುವ ಟ್ಯುಟೋರಿಯಲ್‌ಗೆ ಉಳಿಯಲಾರರು ಎಂಬುದೂ ಅಷ್ಟೇ ನಿಜ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಹಾಜರಿಗೆ ಬದಲು ಕೆಲಸವನ್ನು ಎಣಿಸಬೇಕು. ಪ್ರತಿ ವಾರ ಒಂದು ಪುಟದ ಬರಹ ಅಥವಾ ನಾಲ್ಕು ಲೆಕ್ಕ, ಅದನ್ನು ತಿದ್ದಿ ಮರಳಿಸುವ ಅಧ್ಯಾಪಕರು, ಅದಕ್ಕೆ ಆಂತರಿಕ ಅಂಕದಲ್ಲಿ ಪಾಲು. ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ನಿರಂತರ ಮೌಲ್ಯಮಾಪನಕ್ಕೆ ನೂರರಲ್ಲಿ 50 ಅಂಕ ಮೀಸಲಾಗಿದ್ದು, ಇದಕ್ಕೆ ಜಾಗ ಹುಡುಕಬೇಕಾದ ಅಗತ್ಯವೂ ಇಲ್ಲ.

ವಿದ್ಯಾರ್ಥಿ ಟ್ಯುಟೋರಿಯಲ್‌ಗೆ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರವತ್ತು ಮಂದಿಯನ್ನು ಕೂರಿಸಿ ಹೆಸರು ಕೂಗುವ ಅವಧಿಯನ್ನು ಟ್ಯುಟೋರಿಯಲ್ ಎಂದು ಕರೆದು, ಅದಕ್ಕೆ ಬಾರದವನ ಪ್ರವೇಶಪತ್ರ ತಡೆಹಿಡಿಯುವುದು ನ್ಯಾಯವಲ್ಲ. ವೇಳಾಪಟ್ಟಿ ಸಿದ್ಧಪಡಿಸುವಾಗ ಪ್ರತಿ ಕಾಲೇಜೂ ಮೊದಲು ಪ್ರಕಟಿಸಬೇಕಾದ ಪಟ್ಟಿ ಬೇರೆಯೇ ಇದೆ: ಟ್ಯುಟೋರಿಯಲ್ ಗುಂಪುಗಳೆಷ್ಟು, ಗುಂಪಿನಲ್ಲಿ ಎಷ್ಟು ವಿದ್ಯಾರ್ಥಿಗಳು, ಹೊಣೆ ಯಾರದು. ಆ ಪಟ್ಟಿ ಫಲಕದ ಮೇಲೆ ಬಂದ ಕಾಲೇಜಿಗೆ ಗೈರುಹಾಜರಾದವರ ಪಟ್ಟಿ ಹಾಕುವ ಅಧಿಕಾರವೂ ಇರುತ್ತದೆ.