ಹೆಡ್ಮಾಸ್ಟರರ ವರದಿಗೆ ಕಿವಿಗೊಡೋಣ

ಡಿಸೆಂಬರ್ ಬಂತೆಂದರೆ ಊರಿನ ಹೈಸ್ಕೂಲುಗಳ ಆಮಂತ್ರಣ ಪತ್ರಿಕೆಗಳು ನಮ್ಮ ವಾಟ್ಸಾಪಿಗೆ ಬರತೊಡಗುತ್ತವೆ. ಬೆಳಿಗ್ಗೆ ಧ್ವಜಾರೋಹಣ, ಮಧ್ಯಾಹ್ನ ಹಳೆ ವಿದ್ಯಾರ್ಥಿಗಳ ಸಮಾವೇಶ, ಸಂಜೆ ಸಭಾ ಕಾರ್ಯಕ್ರಮ, ದತ್ತಿನಿಧಿ ಬಹುಮಾನ ವಿತರಣೆ, ನಿವೃತ್ತರಾಗುವ ಮೇಷ್ಟ್ರಿಗೆ ಸನ್ಮಾನ, ಆಮೇಲೆ ಮಕ್ಕಳ ವಿವಿಧ ವಿನೋದಾವಳಿ. ಪತ್ರಿಕೆಯ ಕೊನೆಯ ಪುಟದಲ್ಲಿ ದಾನಿಗಳ ಪಟ್ಟಿ. ಆ ಪಟ್ಟಿಯಲ್ಲಿ ಅರ್ಧದಷ್ಟು ಹೆಸರುಗಳ ಮುಂದೆ ದುಬೈ, ಮಸ್ಕತ್, ಕುವೈತ್, ಜುಬೈಲ್ ಎಂದು ಬರೆದಿರುತ್ತದೆ. ಊರಿನಲ್ಲಿ ಸಂಜೆ ಆರು ಗಂಟೆಗೆ ದೀಪ ಬೆಳಗುವಾಗ ದುಬೈಯಲ್ಲಿ ನಾಲ್ಕೂವರೆ, ರಿಯಾದ್ ಮತ್ತು ದೋಹಾದಲ್ಲಿ ಮೂರೂವರೆ. ನಮ್ಮಲ್ಲಿ ಹೆಚ್ಚಿನವರು ಆಗ ಡ್ಯೂಟಿಯಲ್ಲಿರುತ್ತೇವೆ. ಮಗಳ ನೃತ್ಯವನ್ನು ಅವಳ ಅಮ್ಮ ಜನರ ತಲೆಗಳ ಮೇಲಿಂದ ಮೊಬೈಲ್ ಎತ್ತಿ ಹಿಡಿದು ತೆಗೆದು ಕಳುಹಿಸಿರುತ್ತಾಳೆ. ರಾತ್ರಿ ಕ್ಯಾಂಪಿಗೆ ಬಂದು ಅದನ್ನು ನಾಲ್ಕು ಸಲ ನೋಡುತ್ತೇವೆ, ಪಕ್ಕದ ಮಂಚದವನಿಗೂ ತೋರಿಸುತ್ತೇವೆ. ಅವನು ಬಿಹಾರದವನಾದರೂ ಚೆನ್ನಾಗಿದೆ ಎನ್ನುತ್ತಾನೆ.

ಈ ಸಂಭ್ರಮವನ್ನು ಹಗುರವಾಗಿ ಕಾಣುವವರಲ್ಲ ನಾವು. ಹಳ್ಳಿಯ ಹೈಸ್ಕೂಲಿನ ವಾರ್ಷಿಕೋತ್ಸವ ಅಂದರೆ ಊರಿನ ಜಾತ್ರೆಗೆ ಸಮ. ಅಂದು ಗೇಟಿನ ಹೊರಗೆ ಚರುಮುರಿಯವನೂ ಐಸ್‌ಕ್ರೀಮಿನವನೂ ಬಂದು ನಿಂತಿರುತ್ತಾರೆ, ಎಂದೂ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಕುರ್ಚಿ ಹಿಡಿದು ಕೂತಿರುತ್ತಾಳೆ. ಉಡುಪಿ ಸುತ್ತಿನ ಎಷ್ಟೋ ಹೈಸ್ಕೂಲುಗಳಲ್ಲಿ ಮಕ್ಕಳು ಮಳೆಗಾಲದಿಂದಲೇ ಯಕ್ಷಗಾನ ಕಲಿತು ವರ್ಷದ ಕೊನೆಗೆ ಗೆಜ್ಜೆ ಕಟ್ಟಿ ರಂಗಕ್ಕೆ ಬರುತ್ತಾರೆ. ಅದರಲ್ಲಿ ಹುಡುಗಿಯರೂ ಇರುತ್ತಾರೆ. ನಮ್ಮ ಕಾಲದಲ್ಲಿ ಅದು ಕಾಣಸಿಗುತ್ತಿರಲಿಲ್ಲ. ತರಗತಿಯಲ್ಲಿ ಬಾಯಿ ಬಿಡದ ಹುಡುಗ ವೇದಿಕೆಯಲ್ಲಿ ಮಹಿಷಾಸುರನಾಗಿ ಅಬ್ಬರಿಸಿದ್ದನ್ನು ಊರು ವರ್ಷಗಟ್ಟಲೆ ನೆನೆಯುತ್ತದೆ.

ನಮ್ಮ ಮಾತು ಇರುವುದು ಅದೇ ಸಂಜೆಯ ಇನ್ನೊಂದು ಹತ್ತು ನಿಮಿಷದ ಬಗ್ಗೆ. ಪ್ರಾರ್ಥನೆ, ಸ್ವಾಗತ ಮುಗಿದ ಮೇಲೆ ಹೆಡ್ಮಾಸ್ಟರರು ನಾಲ್ಕು ಹಾಳೆ ಹಿಡಿದು ಮೈಕಿನ ಮುಂದೆ ಬರುತ್ತಾರೆ. ಶಾಲೆಯ ವಾರ್ಷಿಕ ವರದಿ. ಆ ಹೊತ್ತಿಗೆ ಸರಿಯಾಗಿ ಜನ ಚಹಾಕ್ಕೆ ಏಳುತ್ತಾರೆ, ಮುಖ್ಯ ಅತಿಥಿಗಳು ಪಕ್ಕದವರ ಕಿವಿಯಲ್ಲಿ ಮಾತಾಡುತ್ತಾರೆ, ನೇಪಥ್ಯದಿಂದ ಯಾವುದೋ ಮಗು ಅಳುತ್ತದೆ, ನಿರೂಪಕರು ಗಡಿಯಾರ ನೋಡುತ್ತಾರೆ. ವೀಡಿಯೊ ಮಾಡುವವರಂತೂ ಆಗ ಬ್ಯಾಟರಿ ಉಳಿಸಲು ಮೊಬೈಲ್ ಆರಿಸಿರುತ್ತಾರೆ. ಹೀಗಾಗಿ ಆ ಹತ್ತು ನಿಮಿಷ ಮಾತ್ರ ಗಲ್ಫಿಗೆ ತಲುಪುವುದೇ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಇಡೀ ದಿನದಲ್ಲಿ ದೂರದ ದಾನಿಗಳಿಗೆ ತಲುಪಲೇಬೇಕಾದದ್ದು ಅದೊಂದೇ.

ಏಕೆಂದರೆ ಶಾಲೆ ಇನ್ನೆಷ್ಟು ವರ್ಷ ಇರುತ್ತದೆ ಎಂಬುದು ಆ ಹಾಳೆಗಳಲ್ಲಿದೆ. ಎಂಟನೆಯ ತರಗತಿಗೆ ಈ ವರ್ಷ ಎಷ್ಟು ಮಕ್ಕಳು ಸೇರಿದರು, ಯಾವ ಶಿಕ್ಷಕರು ನಿವೃತ್ತರಾದರು, ಅವರ ಜಾಗಕ್ಕೆ ಯಾರಾದರೂ ಬಂದರೇ, ಎಸ್ಸೆಸ್ಸೆಲ್ಸಿ ಬರೆದವರೆಷ್ಟು, ಪಾಸಾದವರೆಷ್ಟು, ಎಲ್ಲವೂ ಅದರಲ್ಲಿ ಇರುತ್ತದೆ. ಓದಲು ಸ್ವಲ್ಪ ತಾಳ್ಮೆ ಬೇಕು, ಅಷ್ಟೇ. ‘ಶೇಕಡಾ 100 ಫಲಿತಾಂಶ’ ಎಂಬ ಸಾಲಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಪರೀಕ್ಷೆಗೆ ಕೂತವರು 19 ಮಂದಿ ಎಂಬುದು ಮುಂದಿನ ಸಾಲಿನಲ್ಲಿರುತ್ತದೆ. ಎರಡು ವರ್ಷದ ಹಿಂದೆ ಎಂಟನೆಯ ತರಗತಿಯಲ್ಲಿ 27 ಮಕ್ಕಳಿದ್ದರು ಎಂದು ಇಟ್ಟುಕೊಳ್ಳಿ. ಉಳಿದ ಎಂಟು ಮಕ್ಕಳು ಎಲ್ಲಿಗೆ ಹೋದರು? ಇಂಗ್ಲಿಷ್ ಮಾಧ್ಯಮದ ಬಸ್ಸು ಹತ್ತಿದರೇ, ಗ್ಯಾರೇಜು ಸೇರಿದರೇ? ಈ ಪ್ರಶ್ನೆ ಕೇಳಲು ವರದಿಯ ಹಳೆಯ ಪ್ರತಿಯೂ ಕೈಯಲ್ಲಿರಬೇಕು.

ಜಿಲ್ಲೆಯ ಹೆಸರಿನ ಮೇಲೆ ನೆಮ್ಮದಿಯಿಂದ ಕೂರುವಂತೆಯೂ ಇಲ್ಲ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಶೇಕಡಾ 91.12 ಪಡೆದು ಮೊದಲ ಸ್ಥಾನದಲ್ಲಿತ್ತು, ಉಡುಪಿ ಎರಡನೆಯದು. ಅದೇ ಪಟ್ಟಿಯ ತಳದಲ್ಲಿದ್ದ ಕಲಬುರಗಿಗೆ ಸಿಕ್ಕಿದ್ದು ಶೇಕಡಾ 42.43. ನಮ್ಮ ಸಂಘದ ಊಟದ ಪಂಕ್ತಿಯಲ್ಲಿ ಎರಡೂ ಕಡೆಯವರು ಅಕ್ಕಪಕ್ಕ ಕೂರುತ್ತೇವೆ. ಕರಾವಳಿಯವರು ಮಕ್ಕಳ ಸಂಖ್ಯೆ ಇಳಿದದ್ದಕ್ಕೆ ಕೊರಗಿದರೆ, ಕಲ್ಯಾಣ ಕರ್ನಾಟಕದವರದು ಬೇರೆಯೇ ಸಂಕಟ. ಅಲ್ಲಿ ಮಕ್ಕಳಿದ್ದಾರೆ, ಗಣಿತಕ್ಕೂ ಇಂಗ್ಲಿಷಿಗೂ ಮೇಷ್ಟ್ರು ಸಿಗುವುದಿಲ್ಲ.

ಮೇಷ್ಟ್ರ ವಿಷಯಕ್ಕೆ ಬರೋಣ. ಗಲ್ಫಿನ ಹಣ ಊರಿನ ಶಾಲೆಗೆ ಹೋಗುವುದು ಬಹುಪಾಲು ಕಟ್ಟುವ ಕೆಲಸಕ್ಕೆ: ರಂಗಮಂದಿರ, ಸ್ವಾಗತ ಗೋಪುರ, ಇಂಟರ್‌ಲಾಕ್ ಹಾಕಿದ ಅಂಗಳ, ಧ್ವಜಕಟ್ಟೆ. ಕೇಳುವವರೂ ಅದನ್ನೇ ಕೇಳುತ್ತಾರೆ, ಏಕೆಂದರೆ ಕಲ್ಲಿನ ಮೇಲೆ ಹೆಸರು ಕೆತ್ತಬಹುದು. ಸಂಬಳದ ಮೇಲೆ ಹೆಸರು ಕೆತ್ತಲಾಗುವುದಿಲ್ಲ. ಅನುದಾನಿತ ಹೈಸ್ಕೂಲುಗಳ ಸ್ಥಿತಿ ಬಲ್ಲವರಿಗೆ ಇದು ಗೊತ್ತು. ಅಲ್ಲಿ ಒಬ್ಬ ಶಿಕ್ಷಕರು ನಿವೃತ್ತರಾದರೆ ಆ ಹುದ್ದೆ ವರ್ಷಗಟ್ಟಲೆ ಖಾಲಿ. ಆಡಳಿತ ಮಂಡಳಿಯವರು ಬಿ.ಎಡ್. ಮುಗಿಸಿದ ಯಾರನ್ನಾದರೂ ಗೌರವ ಶಿಕ್ಷಕರೆಂದು ಕರೆತಂದು, ಅವರಿಂದ ಇವರಿಂದ ಬೇಡಿ ತಿಂಗಳ ಹಣ ಹೊಂದಿಸುತ್ತಾರೆ. ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕರಿದ್ದಾರೆ, ಅವರ ಗೌರವಧನ ತಿಂಗಳುಗಟ್ಟಲೆ ತಡವಾಗುವುದು ಹೊಸ ಸುದ್ದಿಯಲ್ಲ. ‘ಗೌರವ’ ಎಂಬ ಪದವನ್ನು ನಮ್ಮ ನಾಡಿನಲ್ಲಿ ಕಡಿಮೆ ಸಂಬಳಕ್ಕೆ ಹೊದಿಸುವ ಶಾಲಿನಂತೆ ಬಳಸುತ್ತಾರೆ.

ಲೆಕ್ಕ ಹಾಕಿ ನೋಡಿ. ತಿಂಗಳಿಗೆ 12,000 ರೂಪಾಯಿಯಂತೆ ಹತ್ತು ತಿಂಗಳಿಗೆ 1,20,000. ಒಂದು ಶಾಲೆಯ 40 ಹಳೆ ವಿದ್ಯಾರ್ಥಿಗಳು ಇಲ್ಲಿದ್ದರೆ ತಲೆಗೆ ವರ್ಷಕ್ಕೆ 3,000. ತಿಂಗಳಿಗೆ 250 ರೂಪಾಯಿ, ಅಂದರೆ ಹತ್ತು ಹನ್ನೊಂದು ದಿರ್ಹಮಿನ ಆಸುಪಾಸು. ಒಂದು ಷವರ್ಮಾ, ಒಂದು ಕರಕ್ ಚಹಾ. ಈ ಹಣಕ್ಕೆ ಒಂದು ವರ್ಷ ಗಣಿತದ ಪಿರಿಯಡ್ ಖಾಲಿ ಹೋಗುವುದಿಲ್ಲ. ಒಂದು ಸ್ವಾಗತ ಗೋಪುರದ ಖರ್ಚಿನಲ್ಲಿ ಇಂಥ ಎಷ್ಟು ವರ್ಷಗಳು ಬರುತ್ತವೆ ಎಂಬುದನ್ನು ಊರಿನ ಮೇಸ್ತ್ರಿಯನ್ನೇ ಕೇಳಿ.

ಇದಕ್ಕೆ ಎದುರು ಮಾತು ಇದೆ, ಅದೂ ನ್ಯಾಯದ್ದೇ. ಮೇಷ್ಟ್ರಿಗೆ ಸಂಬಳ ಕೊಡುವುದು ಸರ್ಕಾರದ ಕೆಲಸ, ನಾವು ಕೊಡತೊಡಗಿದರೆ ಅವರು ಶಾಶ್ವತವಾಗಿ ಕೈ ತೊಳೆದುಕೊಳ್ಳುತ್ತಾರೆ ಎಂದು ಹಲವರು ಹೇಳುತ್ತಾರೆ. ಒಪ್ಪುತ್ತೇವೆ. ಹುದ್ದೆ ತುಂಬಿ ಎಂದು ಶಾಸಕರಿಗೂ ಇಲಾಖೆಗೂ ಬರೆಯುವುದನ್ನು ನಿಲ್ಲಿಸಬಾರದು. ಬರೆಯುವಾಗ ವರದಿಯ ಅಂಕಿ ಕೈಯಲ್ಲಿದ್ದರೆ ಪತ್ರಕ್ಕೆ ತೂಕವೂ ಬರುತ್ತದೆ. ಆದರೆ ಈ ವರ್ಷ ಹತ್ತನೆಯ ತರಗತಿಯಲ್ಲಿ ಕೂತಿರುವ ಹುಡುಗ ಆ ಪತ್ರಕ್ಕೆ ಉತ್ತರ ಬರುವವರೆಗೆ ಹತ್ತನೆಯಲ್ಲೇ ಕೂತಿರುವುದಿಲ್ಲವಲ್ಲ.

ಆ ಹುಡುಗ ಫೇಲಾದರೆ ಏನಾಗುತ್ತದೆ ಎಂಬುದು ನಮ್ಮಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತು? ಹತ್ತನೆಯ ತರಗತಿ ಪಾಸಾಗದವನ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಸೇರುತ್ತದೆ. ಗಲ್ಫಿನ ಆರು ದೇಶಗಳೂ ಸೇರಿ 18 ದೇಶಗಳಿಗೆ ಅವನು ದುಡಿಯಲು ಬರಬೇಕಾದರೆ ವಲಸೆ ಇಲಾಖೆಯ ಅನುಮತಿ ಬೇಕು. ಅನುಮತಿಯ ಕಟ್ಟಳೆ ಇರುವುದು ಅವನ ರಕ್ಷಣೆಗಾಗಿಯೇ. ಆದರೆ ಅದನ್ನು ತಪ್ಪಿಸಿ ವಿಸಿಟ್ ವೀಸಾದಲ್ಲಿ ವಿಮಾನ ಹತ್ತಿಸುವ ಏಜೆಂಟರು ಇದ್ದೇ ಇದ್ದಾರೆ, ಹಾಗೆ ಬಂದು ಸಂಬಳವೂ ಇಲ್ಲದೆ ಕಾಗದವೂ ಇಲ್ಲದೆ ನಿಂತವರಿಗೆ ಊಟ, ಟಿಕೆಟು ಹೊಂದಿಸುವ ಕೆಲಸ ಕೊನೆಗೆ ಸಂಘಗಳ ಪಾಲಿಗೇ ಬರುತ್ತದೆ. ಎಸ್ಸೆಸ್ಸೆಲ್ಸಿಯ ಒಂದು ಹಾಳೆ ಆ ಹುಡುಗನನ್ನು ಇದರಿಂದ ಬಹುಮಟ್ಟಿಗೆ ಕಾಯುತ್ತದೆ.

ಈಗ ಪಾಸಾಗಲು ದಾರಿಯೂ ಸುಲಭವಾಗಿದೆ. 2024ರಲ್ಲಿ ಹಳೆಯ ಪೂರಕ ಪರೀಕ್ಷೆ ಹೋಗಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬಂದವು. ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅದೇ ಉಳಿಯುತ್ತದೆ. ಕಷ್ಟವಿರುವುದು ಎಲ್ಲಿ ಅಂದರೆ, 2025ರಲ್ಲಿ ಪರೀಕ್ಷೆ-1ರ ಫಲಿತಾಂಶ ಬಂದದ್ದು ಮೇ 2ಕ್ಕೆ, ಪರೀಕ್ಷೆ-2 ಶುರುವಾದದ್ದು ಮೇ 26ಕ್ಕೆ. ನಡುವೆ 23 ದಿನ. ಅದೂ ಬೇಸಿಗೆ ರಜೆಯಲ್ಲಿ, ಮದುವೆ ಕೋಲ ಜಾತ್ರೆಗಳ ನಡುವೆ. ಫೇಲಾದವನು ನಾಚಿಕೆಯಿಂದ ಮನೆಯ ಹೊರಗೆ ಬರುವುದಿಲ್ಲ. ಇಲಾಖೆ ವಿಶೇಷ ತರಗತಿ ನಡೆಸಿ ಎಂದು ಹೇಳುತ್ತದೆ, ಆದರೆ ಹುಡುಗನನ್ನು ಮನೆಯಿಂದ ಕರೆತರುವವರು ಬೇಕು, ಬಸ್ಸಿಲ್ಲದ ಕಡೆ ರಿಕ್ಷಾದ ಬಾಡಿಗೆ ಬೇಕು, ಮಧ್ಯಾಹ್ನದ ಊಟ ಬೇಕು. ರಂಗಮಂದಿರದ ಹಣದ ಒಂದು ಮೂಲೆ ಸಾಕು ಇದಕ್ಕೆಲ್ಲ. ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಒಂದು ಫೋನ್ ಕರೆ. ಅದೇ ಕೇರಿಯಿಂದ ಬಂದು ಇಲ್ಲಿ ಕ್ರೇನ್ ಓಡಿಸುತ್ತಿರುವ ಅಣ್ಣನೊಬ್ಬ ‘ಎರಡೇ ವಿಷಯ ಅಲ್ವಾ ಮಾರಾಯ, ಇನ್ನೊಮ್ಮೆ ಬರಿ’ ಎಂದರೆ ಹುಡುಗ ಕೇಳುತ್ತಾನೆ. ಅಪ್ಪ ಅದನ್ನೇ ಹೇಳಿದರೆ ಕೇಳುವುದಿಲ್ಲ, ಅದು ಎಲ್ಲ ಊರಿನ ಕತೆ.

ವರದಿಯಲ್ಲಿ ಇರದ ಒಂದು ಸಂಗತಿಯನ್ನೂ ಇಲ್ಲಿ ಹೇಳಿಬಿಡಬೇಕು, ವರ್ಷಾಂತ್ಯಕ್ಕೇ ಸಂಬಂಧಿಸಿದ್ದು. ಪರೀಕ್ಷೆಗೆ ಮುಂಚೆ ಶಾಲೆಯವರು ಹತ್ತನೆಯ ಮಕ್ಕಳ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕಗಳನ್ನು ಮಂಡಳಿಗೆ ಕಳುಹಿಸುತ್ತಾರೆ, ತಿದ್ದಲು ಒಂದು ಅವಕಾಶ ಇರುತ್ತದೆ. ಮನೆಯವರು ನೋಡದೆ ಸಹಿ ಹಾಕುತ್ತಾರೆ. ಆಮೇಲೆ ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್, ಆಧಾರಿನಲ್ಲಿ ಮನೆತನದ ಹೆಸರು, ಪಾಸ್‌ಪೋರ್ಟಿನಲ್ಲಿ ಬರೀ ಒಂದೇ ಹೆಸರು. ಒಂಟಿ ಹೆಸರಿನ ಪಾಸ್‌ಪೋರ್ಟಿಗೆ 2022ರ ಕೊನೆಯಿಂದ ಯುಎಇಯಲ್ಲಿ ಎದುರಾದ ತೊಡಕು ನಮ್ಮಲ್ಲಿ ಹಲವರಿಗೆ ನೆನಪಿದೆ. ಒಂದು ಅಕ್ಷರ ತಿದ್ದಿಸಲು ಆಮೇಲೆ ಅಫಿಡವಿಟ್, ಪತ್ರಿಕಾ ಪ್ರಕಟಣೆ, ಕಚೇರಿ ಅಲೆದಾಟ. ಮಗ ಅಥವಾ ಮಗಳು ಈ ವರ್ಷ ಹತ್ತನೆಯಲ್ಲಿದ್ದರೆ ಆ ಹಾಳೆಯ ಫೋಟೊ ತರಿಸಿ, ನಿಮ್ಮ ಪಾಸ್‌ಪೋರ್ಟಿನ ಪಕ್ಕ ಇಟ್ಟು ಓದಿ.

ಹಣ ಕಳುಹಿಸುವ ವಿಧಾನದಲ್ಲೂ ಎಚ್ಚರ ಬೇಕು. ವಾಟ್ಸಾಪ್ ಗುಂಪಿನಲ್ಲಿ ಚಂದಾ ಎತ್ತುವುದು ನಮಗೆ ಊರಿನಿಂದ ಬಂದ ಅಭ್ಯಾಸ, ಇಲ್ಲಿನ ಕಾನೂನು ಅದನ್ನು ಸಹಿಸುವುದಿಲ್ಲ. ಯುಎಇಯ 2021ರ ದೇಣಿಗೆ ಕಾನೂನಿನ ಪ್ರಕಾರ ಪರವಾನಗಿ ಪಡೆದ ಸಂಸ್ಥೆಗಳಷ್ಟೇ ದೇಣಿಗೆ ಸಂಗ್ರಹಿಸಬಹುದು. ಅತ್ತ ಭಾರತದಲ್ಲಿ ವಿದೇಶಿ ದೇಣಿಗೆಯ ಕಾಯ್ದೆ ಇದೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ಇಲ್ಲಿ ನೋಂದಾಯಿತವಾದ ಸಂಘವೊಂದು ತನ್ನ ಹೆಸರಿನಲ್ಲಿ ಕಳುಹಿಸಿದರೆ ಅದು ವಿದೇಶಿ ದೇಣಿಗೆಯೇ, ಪಡೆಯುವ ಶಾಲೆಗೆ ಎಫ್‌ಸಿಆರ್‌ಎ ನೋಂದಣಿ ಬೇಕಾಗುತ್ತದೆ. ಹಾಗಾಗಿ ಅವರವರ ಎನ್‌ಆರ್‌ಇ ಖಾತೆಯಿಂದ ನೇರವಾಗಿ ಶಾಲೆಯ ಖಾತೆಗೆ ಹಾಕಿ ರಸೀದಿ ತರಿಸಿಕೊಳ್ಳುವುದೇ ಕ್ಷೇಮ. ಯಾರದೋ ಖಾಸಗಿ ಖಾತೆಗೆ ಹಾಕಿ, ಮುಂದಿನ ವರ್ಷ ಹಣ ಏನಾಯಿತು ಎಂದು ಮುಖ ಕೆಡಿಸಿಕೊಳ್ಳುವ ಪ್ರಸಂಗ ಯಾವ ಸ್ನೇಹಕ್ಕೂ ಒಳ್ಳೆಯದಲ್ಲ.

ಇನ್ನು ರಜೆಯ ಮಾತು. ಸಂಸಾರಸ್ಥರು ಊರಿಗೆ ಹೋಗುವುದು ಜುಲೈ ಆಗಸ್ಟ್‌ನಲ್ಲಿ. ಆಗ ವಾರ್ಷಿಕೋತ್ಸವದ ಶಾಮಿಯಾನ ಇರುವುದಿಲ್ಲ. ಕರಾವಳಿಯಲ್ಲಾದರೆ ಮಳೆ ಹೊಯ್ಯುತ್ತಿರುತ್ತದೆ, ಕಾರಿಡಾರಿನಲ್ಲಿ ಕೊಡೆಗಳು ಸಾಲಾಗಿ ಬಿಡಿಸಿಕೊಂಡಿರುತ್ತವೆ. ಶಾಲೆಯನ್ನು ನೋಡಲು ಅದೇ ಸರಿಯಾದ ಕಾಲ. ಹಾರ, ಶಾಲು ಏನೂ ಬೇಡ, ಹೆಡ್ಮಾಸ್ಟರರಿಗೆ ಹಿಂದಿನ ದಿನ ಫೋನ್ ಮಾಡಿ ಹತ್ತನೆಯ ತರಗತಿಗೆ ಒಂದು ಪಿರಿಯಡ್ ಹೋಗಿ ಕೂತುಬನ್ನಿ. ಮಕ್ಕಳು ವಿಮಾನದ ಬಗ್ಗೆ, ಬುರ್ಜ್ ಖಲೀಫಾದ ಬಗ್ಗೆ ಕೇಳುತ್ತಾರೆ. ಸ್ವಲ್ಪ ಸಲಿಗೆ ಬಂದ ಮೇಲೆ ಹಿಂದಿನ ಬೆಂಚಿನಿಂದ ಯಾರಾದರೂ ‘ಸಂಬಳ ಎಷ್ಟು ಸಿಗ್ತದೆ ಸರ್’ ಎಂದು ಕೇಳಿಯೇ ಕೇಳುತ್ತಾರೆ. ರೂಮಿನ ಬಾಡಿಗೆ, ಊಟ, ಏಜೆಂಟನ ಸಾಲದ ಕಂತು ಕಳೆದು ಉಳಿಯುವ ಮೊತ್ತವನ್ನೇ ಹೇಳಿ. ಅಂಕಪಟ್ಟಿ ಇದ್ದವನಿಗೆ ಎಷ್ಟು ಉಳಿಯುತ್ತದೆ, ಇಲ್ಲದವನಿಗೆ ಎಷ್ಟು ಎಂಬುದನ್ನೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿ.