ಎರಡನೆಯ ಸಮೀಕರಣದ ಬೆಲೆ

ಪ್ರೌಢಶಾಲೆಯ ಗಣಿತದಲ್ಲಿ ಎರಡು ಚರಾಕ್ಷರಗಳುಳ್ಳ ರೇಖಾತ್ಮಕ ಸಮೀಕರಣಗಳ ಪಾಠ ಸುಲಭವೆಂದೇ ಪ್ರತೀತಿ. ಆದೇಶ ವಿಧಾನ, ವರ್ಜಿಸುವ ವಿಧಾನ ಎಂಬ ಕ್ರಮಗಳನ್ನು ಕಂಠಪಾಠ ಮಾಡಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಅಂಕ ಗಳಿಸುತ್ತಾನೆ. ಆದರೆ ಸಿದ್ಧ ಸಮೀಕರಣಗಳನ್ನು ಕೊಡದೆ ಸಂಗತಿಯನ್ನು ಮಾತಿನಲ್ಲಿ ಹೇಳಿದರೆ ಅವನ ಲೇಖನಿ ನಿಂತುಬಿಡುತ್ತದೆ. ಬಿಡಿಸುವ ವಿದ್ಯೆ ಕೈವಶವಾಗಿ, ಕಟ್ಟುವ ವಿದ್ಯೆ ಬಾರದೆ ಉಳಿಯುವುದು ಈ ಪಾಠದ ದೊಡ್ಡ ಕೊರತೆ.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿ ಈ ಕೊರತೆ ಅಲಕ್ಷ್ಯಕ್ಕೆ ತಕ್ಕುದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆಗಳಿಂದಲೂ, ಮಳೆಯನ್ನೇ ನಂಬಿ ಜೋಳ ಬಿತ್ತುವ ಮನೆಗಳಿಂದಲೂ ಇಲ್ಲಿಯ ಮಕ್ಕಳು ಶಾಲೆಗೆ ಬರುತ್ತಾರೆ. ಒಂದು ಮನೆಗೆ ೩ ಚೀಲ ಭತ್ತ, ೨ ಚೀಲ ಜೋಳಕ್ಕೆ ಒಟ್ಟು ೧೧,೦೦೦ ರೂಪಾಯಿ ಎಂಬ ಪಟ್ಟಿ ಬಂದಿತೆಂದು ಭಾವಿಸೋಣ. ಭತ್ತದ ಚೀಲಕ್ಕೆ ೧,೦೦೦, ಜೋಳದ ಚೀಲಕ್ಕೆ ೪,೦೦೦ ಎಂದರೂ ಲೆಕ್ಕ ಸರಿಯಾಗುತ್ತದೆ. ೨,೦೦೦ ಮತ್ತು ೨,೫೦೦ ಎಂದರೂ ಸರಿಯಾಗುತ್ತದೆ. ಒಂದೇ ಸಮೀಕರಣಕ್ಕೆ ಉತ್ತರಗಳು ಅಸಂಖ್ಯ. ನಕ್ಷೆಯಲ್ಲಿ ಅವೆಲ್ಲವೂ ಒಂದೇ ಸರಳರೇಖೆಯ ಮೇಲೆ ಸಾಲಾಗಿ ನಿಲ್ಲುತ್ತವೆ.

ಎರಡನೆಯ ಪಟ್ಟಿಯಲ್ಲಿ ೬ ಚೀಲ ಭತ್ತ, ೪ ಚೀಲ ಜೋಳಕ್ಕೆ ೨೨,೦೦೦ ಎಂದಿದ್ದರೆ ಹೊಸದೇನೂ ತಿಳಿಯದು; ಅದು ಮೊದಲನೆಯ ಮಾತಿನ ಪುನರುಕ್ತಿ ಮಾತ್ರ. ಅದೇ ಚೀಲಗಳಿಗೆ ೨೧,೫೦೦ ಎಂದಿದ್ದರೆ ಉತ್ತರವೇ ಇಲ್ಲ: ಒಂದೋ ನಡುವೆ ದರ ಬದಲಾಗಿದೆ, ಇಲ್ಲವೇ ಯಾವುದೋ ಪಟ್ಟಿ ತಪ್ಪಾಗಿದೆ. ೨ ಚೀಲ ಭತ್ತ, ೩ ಚೀಲ ಜೋಳಕ್ಕೆ ೧೨,೦೦೦ ಎಂದಿದ್ದರೆ ಮಾತ್ರ ಭತ್ತಕ್ಕೆ ೧,೮೦೦, ಜೋಳಕ್ಕೆ ೨,೮೦೦ ಎಂದು ದರ ನಿಶ್ಚಯವಾಗುತ್ತದೆ. ಈ ಮೂರು ಸ್ಥಿತಿಗಳ ವಿವೇಕವೇ ಪಾಠದ ತಿರುಳು. ಅದನ್ನರಿತ ಬಾಲಕನಾಗಲಿ ಬಾಲಕಿಯಾಗಲಿ ತಂದೆಯ ಕೈಯಲ್ಲಿರುವ ಪಟ್ಟಿಯನ್ನು ಪರೀಕ್ಷಿಸಬಲ್ಲರು.

ಈ ವಿದ್ಯೆ ಈ ನಾಡಿಗೆ ಹೊರಗಿನಿಂದ ಬಂದುದಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ೯ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ನೃಪತುಂಗನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಗ್ರಂಥದ ಒಂದು ಲೆಕ್ಕದಲ್ಲಿ ೯ ಮಾದಲ ಹಣ್ಣು, ೭ ಬೇಲದ ಹಣ್ಣುಗಳ ಬೆಲೆ ೧೦೭. ೭ ಮಾದಲ, ೯ ಬೇಲದ ಹಣ್ಣುಗಳ ಬೆಲೆ ೧೦೧. ಎರಡನ್ನೂ ಕೂಡಿಸಿದರೆ ೧೬ ಜೋಡಿಗಳಿಗೆ ೨೦೮, ಅಂದರೆ ಜೋಡಿಗೆ ೧೩. ಕಳೆದರೆ ೨ ಮಾದಲ ಹಣ್ಣುಗಳು ೨ ಬೇಲದ ಹಣ್ಣುಗಳಿಗಿಂತ ೬ ಹೆಚ್ಚು, ಅಂದರೆ ಒಂದಕ್ಕೆ ೩ ಹೆಚ್ಚು. ಆದುದರಿಂದ ಮಾದಲಕ್ಕೆ ೮, ಬೇಲಕ್ಕೆ ೫. ಹಣ್ಣಿನ ಅಂಗಡಿಯ ಮಾತನ್ನೇ ಗಣಿತವಾಗಿಸಿದ ಆ ಆಚಾರ್ಯನ ದಾರಿ ಇಂದಿನ ತರಗತಿಗೂ ಯೋಗ್ಯವಾದುದು.

ಎರಡನೆಯ ಸಾಕ್ಷಿಯ ಬೆಲೆಯನ್ನು ಮಸ್ಕಿಯ ಬಂಡೆಯೂ ಸಾರುತ್ತದೆ. ಅನೇಕ ಶಾಸನಗಳು ‘ದೇವಾನಾಂಪ್ರಿಯ’ ಎಂಬ ಬಿರುದನ್ನಷ್ಟೇ ಹೇಳಿದ್ದವು. ಆತನು ಅಶೋಕನೆಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ತರ್ಕಿಸಿದ್ದರು. ೧೯೧೫ರಲ್ಲಿ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ಬಿರುದಿನೊಡನೆ ಅಶೋಕನೆಂಬ ಹೆಸರೂ ಇದ್ದುದರಿಂದ ಆ ತರ್ಕ ದೃಢವಾಯಿತು. ಹಳೆಯ ಮಾತನ್ನೇ ಮತ್ತೆ ಹೇಳುವ ಸಾಕ್ಷಿಗಿಂತ ಹೊಸದೊಂದನ್ನು ಹೇಳುವ ಸಾಕ್ಷಿಯೇ ನಿರ್ಣಾಯಕ.

ಪಠ್ಯಕ್ರಮ ಮುಗಿಸುವ ಅವಸರದಲ್ಲಿ ಇಷ್ಟಕ್ಕೆಲ್ಲ ಸಮಯವೆಲ್ಲಿ ಎಂದು ಅಧ್ಯಾಪಕರು ಕೇಳುವುದು ಸಹಜ. ಸೂತ್ರಕ್ಕೆ ಮುನ್ನ ಎರಡು ಅವಧಿಗಳು ಸಾಕು. ಮೊದಲನೆಯದರಲ್ಲಿ ಮಕ್ಕಳೇ ಲೆಕ್ಕಗಳನ್ನು ರಚಿಸಲಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ೨೪ ಮತ್ತು ೧೮ ಕ್ಯಾರೆಟ್ಟಿನ ಚಿನ್ನವನ್ನು ಬೆರೆಸಿ ೨೨ ಕ್ಯಾರೆಟ್ಟಿನ ೧೨ ಗ್ರಾಂ ಪಡೆಯುವ ಬಗೆಯನ್ನು ಅಲ್ಲಿಯ ಮಕ್ಕಳು ಯೋಚಿಸಲಿ. ತೂಕ ಒಂದು ಸಮೀಕರಣ, ಶುದ್ಧತೆ ಇನ್ನೊಂದು. ೮ ಗ್ರಾಂ ಮತ್ತು ೪ ಗ್ರಾಂ ಎಂಬುದು ಉತ್ತರ. ಎರಡನೆಯ ಅವಧಿಯಲ್ಲಿ ಉತ್ತರವನ್ನು ಎರಡೂ ಸಮೀಕರಣಗಳಲ್ಲಿಟ್ಟು ತಾಳೆ ನೋಡುವ ಅಭ್ಯಾಸವಾಗಲಿ.

ದಾನಿಗಳು ಕೊಠಡಿಗಳನ್ನು ಕಟ್ಟಿಸಿಕೊಡುವುದು ಸ್ತುತ್ಯವೇ ಸರಿ. ವ್ಯಾಪಾರ, ಒಕ್ಕಲುತನಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಹಣವಿಲ್ಲದೆಯೂ ಒಂದು ನೆರವನ್ನು ನೀಡಬಲ್ಲರು. ಹೆಸರುಗಳನ್ನು ಅಳಿಸಿದ ತಮ್ಮ ಹಳೆಯ ಪಟ್ಟಿಗಳನ್ನು ಶಾಲೆಗೆ ಒಪ್ಪಿಸಿದರೆ, ಅವುಗಳಿಂದ ಈ ನೆಲದ್ದೇ ಆದ ಲೆಕ್ಕಗಳ ಪುಸ್ತಕವೊಂದು ಸಿದ್ಧವಾದೀತು. ಬೆವರಿನ ಬೆಳೆಯ ಬೆಲೆಯನ್ನು ತಾನೇ ಕಂಡುಹಿಡಿಯಬಲ್ಲ ಮಗುವಿಗೆ ಗಣಿತವು ಪರೀಕ್ಷೆಯ ಹೊರೆಯಾಗದೆ ಬಾಳಿನ ಆಸರೆಯಾಗುತ್ತದೆ.