ಕೆಂಪು ನೀರೂ ಕಡಲಿನ ಲೋಳೆಯೂ

ಮಳೆಗಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದ ಇಳಿಜಾರುಗಳನ್ನು ತೊಳೆದುಕೊಂಡು ಹಳ್ಳಗಳು ಕಾವೇರಿಯ ಕಡೆಗೆ ಧಾವಿಸುವಾಗ, ಅಲ್ಲಿನ ಗೋಪಿನಾಥಂ ಹಳ್ಳಿಯ ಸುತ್ತಣ ನೀರೆಲ್ಲ ಕೆಮ್ಮಣ್ಣಿನ ಬಣ್ಣ ತಾಳುವುದು ಸಹಜವಷ್ಟೆ. ಅಂತಹ ನೀರನ್ನು ಬಿಂದಿಗೆಯಲ್ಲಿ ರಾತ್ರಿಯಿಡೀ ನಿಲ್ಲಿಸಿದರೂ ಬೆಳಗಿಗೆ ಮರಳು ಮಾತ್ರ ತಳ ಸೇರಿ, ನಸುಗೆಂಪು ಹಾಗೆಯೇ ಉಳಿದಿರುತ್ತದೆ. ಏಕೆಂದರೆ ಅತಿಸೂಕ್ಷ್ಮವಾದ ಜೇಡಿಕಣಗಳು ಋಣವಿದ್ಯುದಂಶವನ್ನು ಹೊತ್ತು, ಒಂದನ್ನೊಂದು ವಿಕರ್ಷಿಸುತ್ತ, ತಾವಾಗಿಯೇ ಒಟ್ಟುಗೂಡದೆ ತೇಲುತ್ತಿರುತ್ತವೆ.

ಸಮುದ್ರವಾಸಿಗಳಾದ ಕೆಲವು ಸಯನೋಬ್ಯಾಕ್ಟೀರಿಯಗಳು, ಎಂದರೆ ವಾಡಿಕೆಯಲ್ಲಿ ನೀಲಿ-ಹಸಿರು ಪಾಚಿಯೆನಿಸಿಕೊಂಡರೂ ವಾಸ್ತವವಾಗಿ ಬ್ಯಾಕ್ಟೀರಿಯಗಳ ಕುಲಕ್ಕೇ ಸೇರಿದ ಜೀವಿಗಳು, ತಮ್ಮ ಮೈಯಿಂದ ಹೊರಸೂಸುವ ಲೋಳೆಗೆ ಈ ಕಣಗಳನ್ನು ಕೂಡಿಸುವ ಸಾಮರ್ಥ್ಯವುಂಟು. ಆ ಲೋಳೆಯು ಬಹುಮಟ್ಟಿಗೆ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆಯ ಅಣುಗಳು ಕೊಂಡಿಗೂಡಿ ಬೆಳೆದ ಸುದೀರ್ಘ ಸರಪಣಿ. ಅದರಲ್ಲಿಯೂ ಋಣಾಂಶವೇ ಹೆಚ್ಚಾದರೂ, ನೀರಿನಲ್ಲಿ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಇದ್ದಲ್ಲಿ ಅದು ನಡುವೆ ಸಂಧಾನ ನಡೆಸಿ, ಒಂದೇ ಸರಪಣಿಗೆ ಅನೇಕ ಕಣಗಳು ಅಂಟಿ, ಗರಣೆಗಟ್ಟಿ, ಭಾರದಿಂದ ಕೆಳಗಿಳಿಯುತ್ತವೆ. ಇಂತಹ ಜೀವಿಗಳ ವ್ಯಾಸಂಗಕ್ಕೆಂದೇ ಮೀಸಲಾದ ರಾಷ್ಟ್ರೀಯ ಕೇಂದ್ರವು ತಿರುಚಿರಾಪಳ್ಳಿಯ ಭಾರತಿದಾಸನ್ ವಿಶ್ವವಿದ್ಯಾಲಯದಲ್ಲಿದೆ. ಗೋಪಿನಾಥಂ ಸೀಮೆಯ ನೀರು ಕಾವೇರಿಯನ್ನು ಕೂಡಿ, ಮೆಟ್ಟೂರನ್ನು ದಾಟಿ ಹರಿಯುವುದೂ ಆ ಊರಿಗೇ.

ಆದರೆ ಪ್ರಯೋಗಶಾಲೆಗಳಲ್ಲಿ ಲೋಳೆಯ ಈ ಸಾಮರ್ಥ್ಯದ ಪರೀಕ್ಷೆಗಳು ನಡೆಯುವುದು ಸಾಮಾನ್ಯವಾಗಿ ಕೆಯೊಲಿನ್ ಎಂಬ ಬಿಳಿಜೇಡಿಯನ್ನು ಶುದ್ಧಜಲದಲ್ಲಿ ಕದಡಿಕೊಂಡು. ಅದು ಸಾಲದೆಂಬುದು ನನ್ನ ಅಭಿಪ್ರಾಯ. ಎಲೆ ಕೊಳೆತ ಕಷಾಯವೂ ದನಕರುಗಳ ಸಗಣಿಯೂ ಬೆರೆತ ಕಾಡಂಚಿನ ಕೆಂಪು ನೀರಿನ ಮುಂದೆ ಗೆಲ್ಲದ ಲೋಳೆಯು, ಬಿಳಿಜೇಡಿಯ ಮುಂದೆ ಎಷ್ಟು ಗೆದ್ದರೇನು?

ಮತ್ತೊಂದು ಮಾತು. ಕಡಲಿನವರೆಗೂ ಹೋಗುವ ಮುನ್ನ ಒಣಕಾಡಿನ ಚಿಲ್ಲದ ಮರವನ್ನು ವಿಚಾರಿಸಬಾರದೆ? ಸಂಸ್ಕೃತದಲ್ಲಿ ಕತಕವೆಂದು ಮನುಸ್ಮೃತಿಯಷ್ಟು ಹಿಂದೆಯೇ ಉಲ್ಲೇಖಗೊಂಡು, ತಮಿಳರ ಬಾಯಲ್ಲಿ ತೇತ್ತಾಂಕೊಟ್ಟೈ ಆದ ಇದರ ಬೀಜವನ್ನು ಮಡಕೆಯ ಒಳಮೈಗೆ ತೇದು, ಮೇಲೆ ಕಲಕು ನೀರನ್ನು ಹೊಯ್ದರೆ, ಕೆಸರು ಮೋಡದಂತೆ ಒಡೆದು, ಮೆಲ್ಲಮೆಲ್ಲನೆ ಇಳಿದು, ತಳದಲ್ಲಿ ನುಣ್ಣನೆಯ ಪದರವಾಗಿ ಕೂರುತ್ತದೆ. ಬೀಜದಲ್ಲಿರುವ ಗ್ಯಾಲಕ್ಟೊಮನ್ನನ್ ಮತ್ತು ಗ್ಯಾಲಕ್ಟನ್‌ಗಳೂ ಪಾಲಿಸ್ಯಾಕರೈಡುಗಳೇ. ಪಟಿಕವು ಇದೇ ಕೆಲಸವನ್ನು ಅಗ್ಗವಾಗಿಯೂ ಬೇಗನೆಯೂ ಮಾಡುತ್ತದೆಂಬುದು ನಿಜ. ಆದರೆ ಅಳತೆ ಮೀರಿ ಹಾಕಿದರೆ ನೀರಿನ ಆಮ್ಲತೆ ಏರುತ್ತದೆ, ಅಲ್ಯೂಮಿನಿಯಂ ಉಳಿಯುತ್ತದೆ. ಭಾರತೀಯ ಮಾನಕ 10500 ಕುಡಿಯುವ ನೀರಿನಲ್ಲಿ ಅದಕ್ಕೆ ವಿಧಿಸಿರುವ ಮಿತಿಯಾದರೋ ಲೀಟರಿಗೆ 0.03 ಮಿಲಿಗ್ರಾಂ, ಬೇರೆ ಜಲಮೂಲವಿಲ್ಲದಿದ್ದಲ್ಲಿ 0.2. ಅಳೆಯುವ ಸಾಧನವಿಲ್ಲದ ಹಳ್ಳಿಯಲ್ಲಿ ಪಟಿಕದ ತುಂಡನ್ನು ಕೈಯಂದಾಜಿನಲ್ಲಿ ತಿರುಗಿಸುವವರಿಗೆ ಈ ಲೆಕ್ಕವನ್ನು ಯಾರು ಹೇಳಬೇಕು?

ಆದುದರಿಂದ ಲೋಳೆ, ಬೀಜ, ಪಟಿಕ ಮೂರನ್ನೂ ಒಂದೇ ಹಳ್ಳದ ನೀರಿನಲ್ಲಿ, ಒಂದೇ ದಿನ, ಪಕ್ಕಪಕ್ಕದ ಜಾಡಿಗಳಲ್ಲಿ ತೂಗಿ ನೋಡುವ ಕಾರ್ಯವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೊಳ್ಳತಕ್ಕದ್ದು. ಸಯನೋಬ್ಯಾಕ್ಟೀರಿಯಗಳಲ್ಲಿ ಕೆಲವು ವಿಷಕಾರಿಯೂ ಆಗಿರುವುದರಿಂದ, ಲೋಳೆಯ ನಿರಪಾಯತೆ ಸಿದ್ಧವಾಗದ ಹೊರತು ಅದನ್ನು ಯಾರ ಬಿಂದಿಗೆಗೂ ಹಾಕಲಾಗದು. ಇನ್ನು, ತಿಳಿಯಾದ ಮಾತ್ರಕ್ಕೆ ನೀರಿನ ರೋಗಾಣುಗಳೆಲ್ಲ ತೊಲಗುವುದಿಲ್ಲವಾದ ಕಾರಣ, ಮೂರರಲ್ಲಿ ಯಾವುದು ಗೆದ್ದರೂ ಆ ನೀರನ್ನು ಕುದಿಸಿಯೇ ಕುಡಿಯಬೇಕಾಗುತ್ತದೆ.